ಹೊರಗೆ ಕೂರಿಸಿದ ಮಾತು

ಗುಬ್ಬಿಯಲ್ಲಿ ಬಸ್ಸು ಹತ್ತಿದಾಗ ಶಶಿಕಲಾಳ ಮನಸ್ಸಿನಲ್ಲಿ ಇದ್ದದ್ದು ಒಂದು ಪುಟ, ಕಾಲೇಜಿನ ಆಪ್ತ ಸಮಾಲೋಚನಾ ಕೇಂದ್ರದ ರಿಜಿಸ್ಟರಿನ ನಲವತ್ತೊಂದನೆಯ ಪುಟ. ಅದನ್ನು ತೆಗೆದುಕೊಂಡು ಹನ್ನೆರಡು ಗಂಟೆಗೆ ಛೇಂಬರಿಗೆ ಬರಬೇಕೆಂದು ಪ್ರಿನ್ಸಿಪಾಲ್ ಅನಂತರಾಜು ನಿನ್ನೆ ಸಂಜೆಯೇ ಹೇಳಿಕಳಿಸಿದ್ದರು. ಮಲಾವಿ ದೇಶದಿಂದ ಬಂದು ಬಿ.ಸಿ.ಎ. ಎರಡನೆಯ ವರ್ಷ ಓದುತ್ತಿದ್ದ ಚಿಸೋಮೊ ಎಂಬ ಹುಡುಗಿ ಹದಿನಾರು ದಿನ ಕ್ಲಾಸಿಗೆ ಬಂದಿರಲಿಲ್ಲ. ಹಾಜರಿ ಸಾಲದು, ಅವಳನ್ನು ಪರೀಕ್ಷೆಗೆ ಕೂರಿಸಬೇಕೋ ಬೇಡವೋ ಎಂದು ಇವತ್ತು ತೀರ್ಮಾನ. ಕೂರಿಸದಿದ್ದರೆ ವರ್ಷ ಹೋಗುತ್ತದೆ. ವರ್ಷ ಹೋದರೆ ಸ್ಕಾಲರ್‌ಶಿಪ್ ನಿಲ್ಲುತ್ತದೆ, ಆಮೇಲೆ ವೀಸಾ, ಆಮೇಲೆ ಹುಡುಗಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ. ಆ ಹುಡುಗಿ ಒಂದು ಮಂಗಳವಾರ ಶಶಿಕಲಾಳ ಹತ್ತಿರ ಬಂದು ಹೋಗಿದ್ದಳಾದ್ದರಿಂದ ಇವಳ ವರದಿಯೂ ಬೇಕು. ವರದಿಯಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ. ಮೂರೇ ಸಾಲು, ದುಂಡು ಅಕ್ಷರದಲ್ಲಿ: ವಿದ್ಯಾರ್ಥಿನಿ ಏನನ್ನೂ ಹೇಳಿಕೊಳ್ಳಲಿಲ್ಲ. ಗಂಭೀರ ಸಮಸ್ಯೆ ಕಂಡುಬರಲಿಲ್ಲ. ಸ್ನೇಹಿತರ ಮೇಲೆ ಗಮನವಿರಲಿ.

ನಿಟ್ಟೂರಿನಿಂದಲೇ ಬಸ್ಸಿನಲ್ಲಿ ಕೂತು ಬಂದಿದ್ದ ಹನುಮಂತಮ್ಮ ಪಕ್ಕದ ಸೀಟಿನ ಮೇಲೆ ಇಟ್ಟಿದ್ದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮಧ್ಯಾಹ್ನದ ಅಡುಗೆ ಅವಳದು. ದಿನಾ ಹೀಗೆ ಸೀಟು ಹಿಡಿದಿಡುತ್ತಾಳೆ. ದಿನಾ ಶಶಿಕಲಾ ಬೇಡ ಅನ್ನುವ ಮುಖ ಮಾಡಿ ಕೂರುತ್ತಾಳೆ.

"ಬನ್ನಿ ಮೇಡಮ್ಮಾರೆ, ಕೂತ್ಕಳಿ. ಇವತ್ತು ನಮ್ಮ ಸೀಸಮ್ಮಂದು ಏನೋ ಪಂಚಾಯ್ತಿ ಅಂತಲ್ಲ?"

"ಯಾರು, ಚಿಸೋಮೊನಾ? ಹೂಂ. ಕ್ಲಾಸಿಗೇ ಬಂದಿಲ್ಲ ಅವಳು."

"ಎಲ್ ಬಂದಾಳು. ತಾಯಿ ಹೋಗ್ಬುಟ್ಟವ್ಳಲ್ಲ."

ಕಂಡಕ್ಟರ್ ಬಂದ. ಶಶಿಕಲಾ ಆಧಾರ್ ಕಾರ್ಡು ತೋರಿಸಿದಳು, ಇದು ಪ್ರೈವೇಟು ಕಣಮ್ಮ ಅಂದ, ಅವಳು ದುಡ್ಡು ತೆಗೆದುಕೊಟ್ಟಳು, ಚಿಲ್ಲರೆಯನ್ನು ಪರ್ಸಿನ ಬೇರೆ ಖಾನೆಗೆ ಹಾಕಿದಳು. ಇಷ್ಟನ್ನೂ ಮಾಡಿದ ಮೇಲೆ ಕೇಳಿದಳು: "ಯಾವಾಗ?"

"ಅಮಾಸೆಗೆ ಹಿಂದ್ಲ ಭಾನ್ವಾರ."

ಭಾನುವಾರ. ಅವಳು ತನ್ನ ಹತ್ತಿರ ಬಂದದ್ದು ಅದಾಗಿ ಎರಡೇ ದಿನಕ್ಕೆ, ಮಂಗಳವಾರ. "ನಿಮಗೆ ಅವಳೇ ಹೇಳಿದಳಾ?"

"ಅವ್ಳೆಲ್ ಹೇಳಾಳು. ತಾಯಿ ಸತ್ತೋಳ್ನ ಯಾರಾರ ಕೇಳ್ತಾರಾ? ಊಟಕ್ಕೇ ಇಳೀತಿರ್ಲಿಲ್ಲ. ಆ ಹುಡ್ಗ ಗೇಟ್ತಾವ ಬಂದಿದ್ನಲ್ಲ, ಉದ್ದುಕ್ಕವ್ನೆ, ಅವನ್ನ ಕೇಳ್ದೆ. ನಂಗ್ ಬರ ಇಂಗ್ಲೀಸು ಮದರ್ ಒಂದೇಯ. ಮದರ್ ಅಂದೆ, ಹಿಂಗೆ ಕೈ ಮೇಲಕ್ ತೋರಿಸ್ದೆ. ತಲೆ ಆಡಿಸ್ದ. ಅವತ್ನಿಂದ ರಾಗಿ ಗಂಜಿ ಕಾಸಿ ಕೊಡ್ತಿದೀನಿ, ಅರ್ಧ ಲೋಟ ಕುಡಿತದೆ. ಅವರ ಕಡೆಲೂ ಅಂಥದ್ದೇ ಏನೋ ಗಂಜಿ ಮಾಡ್ತಾರಂತೆ, ಜೋಳದ್ದು."

"ವಾರ್ಡನ್‌ಗೆ ಯಾಕೆ ಹೇಳ್ಲಿಲ್ಲ ನೀವು?"

ಹನುಮಂತಮ್ಮ ಅವಳ ಮುಖವನ್ನು ನೋಡಿದಳು. ಆ ನೋಟದಲ್ಲಿ ಆರೋಪವೇನೂ ಇರಲಿಲ್ಲ, ಬರೀ ಆಶ್ಚರ್ಯ. "ನಿಮ್ಮತಾವ್ಕೆ ಬಂದಿದ್ರಂತಲ್ಲ ಇಬ್ರೂವೆ. ನಿಮ್ಗೇ ಗೊತ್ತಿದ್ ಮ್ಯಾಲೆ ನಂದೇನು ಅಂತ ಸುಮ್ನಾದೆ."

ಇಬ್ಬರೂ ಬಂದದ್ದು ನಿಜ. ಬಾಗಿಲು ತಟ್ಟಿದ ಸದ್ದಿಗೆ ಮೊದಲು ಒಳಗೆ ಬಂದವನು ಅವನು, ಬಾಗಿಲಿಗೆ ತಲೆ ತಾಗೀತು ಅನ್ನುವಷ್ಟು ಎತ್ತರ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲೇಜಿಗೆ ಯಾರೂ ಹಾಕದಂಥ ಕರಿಯ ಶೂ. ಅವನ ಹಿಂದೆ ಅವಳು, ತಲೆಗೆ ಬಟ್ಟೆ ಕಟ್ಟಿಕೊಂಡು. ಲಿಂಬಾನಿ ಅಂತ, ಮೂರನೆಯ ವರ್ಷದವನು ಎಂದು ಹೆಸರು ಹೇಳಿ, ಗಂಟಲು ಸರಿಮಾಡಿಕೊಂಡು, ಮೇಡಂ ನಾನು ಮಾತಾಡಲು ಬಂದಿದ್ದೇನೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ್ದ. ನೀನಾ, ಅವಳಾ ಎಂದು ಶಶಿಕಲಾ ಕೇಳಿದ್ದಳು. ಅವಳ ವಿಷಯ, ನಾನು ಹೇಳುತ್ತೇನೆ, ಅಂದಿದ್ದ. ಆ ಒಂದು ಕ್ಷಣದಲ್ಲಿ ಅವಳಿಗೆ ಎಲ್ಲವೂ ತಿಳಿದುಹೋಗಿತ್ತು. ತಲೆ ತಗ್ಗಿಸಿ ನಿಂತ ಹುಡುಗಿ, ಎದೆ ಸೆಟೆದು ಮುಂದೆ ನಿಂತ ಹುಡುಗ, ನಾನು ಹೇಳುತ್ತೇನೆ ಅನ್ನುವ ಧೈರ್ಯ. ವರ್ಷಕ್ಕೆ ಇಂಥವು ಎಷ್ಟು ನೋಡಿಲ್ಲ. ಅಮೃತೂರಿನ ಕಡೆಯಿಂದ ಒಂದು, ಸಿರಾ ಕಡೆಯಿಂದ ಒಂದು, ಬಣ್ಣ ಬೇರೆಯಾದ ಮಾತ್ರಕ್ಕೆ ಕತೆ ಬೇರೆಯಾಗುತ್ತದೆಯೇ? ನೀನು ಹೊರಗಿರಪ್ಪ ಅಂದಿದ್ದಳು. ಅವನು ಕದಲಲಿಲ್ಲ. ಹುಡುಗಿಯನ್ನು ಒಮ್ಮೆ ನೋಡಿದ. ಇಲ್ಲಿ ಮೂರನೆಯವರು ಇರುವ ಹಾಗಿಲ್ಲ, ಅದು ನಿಯಮ, ಹೊರಗೆ ಬೆಂಚಿದೆ, ಕೂತಿರು ಎಂದು ಎರಡನೆಯ ಸಲ ಹೇಳಿದ್ದಳು, ಸ್ವಲ್ಪ ಗಟ್ಟಿಯಾಗಿ. ಅವನು ಹೋಗಿ ಕೂತ. ಬಾಗಿಲನ್ನು ಅವಳೇ ಎದ್ದು ಹಾಕಿದಳು.

ಆ ನಿಯಮದ ಬಗ್ಗೆ ಅವಳಿಗೆ ಹೆಮ್ಮೆಯಿತ್ತು ಅನ್ನುವುದನ್ನು ಒಪ್ಪಿಕೊಳ್ಳಬೇಕು. ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದ ಅವಳನ್ನು, ಕಾಲೇಜಿನ ತಪಾಸಣೆಗೆ ಕಮಿಟಿಯವರು ಬಂದಾಗ ತೋರಿಸಲು ಒಂದು ಸಮಾಲೋಚನಾ ಕೇಂದ್ರ ಬೇಕು ಅಂತ, ಆರು ತಿಂಗಳ ತರಬೇತಿಗೆ ಬೆಂಗಳೂರಿಗೆ ಕಳಿಸಿದ್ದರು. ವಾರಕ್ಕೆರಡು ದಿನ ರೈಲಿನಲ್ಲಿ ಹೋಗಿ ಬಂದು ಕಲಿತದ್ದು. ಬಂದವರಿಗೆ ಬುದ್ಧಿ ಹೇಳಬಾರದು. ಅವರು ಸುಮ್ಮನಿದ್ದರೆ ನಾವೂ ಸುಮ್ಮನಿರಬೇಕು, ಆ ಮೌನವನ್ನು ನಮ್ಮ ಮಾತಿನಿಂದ ತುಂಬಬಾರದು. ಒಳಗೆ ಕೇಳಿದ್ದು ಒಳಗೇ ಇರಬೇಕು. ಊರಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಬೆಳೆದವಳು ಅವಳು. ಅಲ್ಲಿ ಯಾರು ಸುಮ್ಮನೆ ಕೂತರೂ ಹತ್ತು ಜನ ಬುದ್ಧಿ ಹೇಳುತ್ತಾರೆ, ಒಲೆಯ ಮುಂದೆ ಆಡಿದ್ದು ಸಂಜೆಯೊಳಗೆ ಬಾವಿಕಟ್ಟೆಗೆ ಬಂದಿರುತ್ತದೆ. ಅದರಿಂದ ಬಿಡಿಸಿಕೊಂಡು ಬಂದೆ ಎಂದು ಅನ್ನಿಸಿತ್ತು. ಆಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿ ಕೊಟ್ಟರು. ಮೂಲೆಯಲ್ಲಿ ಈಗಲೂ ಒಂದು ಹರಿದ ವಾಲಿಬಾಲ್ ನೆಟ್ಟು ಇದೆ. ಹುಡುಗರು ಅದನ್ನು ಹುಚ್ಚರ ರೂಮು ಅನ್ನುತ್ತಾರೆ ಅಂತ ಅವಳಿಗೆ ಗೊತ್ತು. ಅಟೆಂಡರ್ ತಿಮ್ಮೇಶನೂ ಅನ್ನುತ್ತಾನೆ, ಅವಳ ಎದುರಿಗೆ ಅನ್ನುವುದಿಲ್ಲ ಅಷ್ಟೆ.

ಆ ಮಂಗಳವಾರ ನಲವತ್ತು ನಿಮಿಷ ಇಬ್ಬರೂ ಸುಮ್ಮನೆ ಕೂತಿದ್ದರು. ಗಡಿಯಾರದ ಮುಳ್ಳು ಸರಿದದ್ದನ್ನು ಅವಳು ನೋಡಿಕೊಂಡಿದ್ದಳು. ಹುಡುಗಿ ನೆಲ ನೋಡುತ್ತಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ನೋಡದವರು ಏನನ್ನೋ ಬಚ್ಚಿಡುತ್ತಾರೆ ಎಂದು ತರಬೇತಿಯಲ್ಲಿ ಯಾರೋ ಅಂದದ್ದು ನೆನಪಾಗಿತ್ತು. ದೊಡ್ಡವರ ಎದುರು ತಾನು ಮದುವೆಯಾಗುವವರೆಗೂ ಕಣ್ಣೆತ್ತಿದವಳಲ್ಲ ಎಂಬುದು ಮಾತ್ರ ನೆನಪಾಗಿರಲಿಲ್ಲ. ಮೌನವನ್ನು ತುಂಬದೆ ಇರುವುದು ಎಷ್ಟು ಕಷ್ಟ, ತಾನು ಎಷ್ಟು ಚೆನ್ನಾಗಿ ಅದನ್ನು ನಿಭಾಯಿಸುತ್ತಿದ್ದೇನೆ ಎಂಬ ಒಂದು ಸಣ್ಣ ಸಂತೋಷ ಕೂಡ ಒಳಗೆ ಆಡಿತ್ತು. ಈಗ ಬಸ್ಸಿನಲ್ಲಿ ಅದನ್ನು ನೆನೆಸಿಕೊಂಡಾಗ ಕಿವಿ ಬಿಸಿಯಾಯಿತು. ಕೊನೆಗೆ ಹುಡುಗಿ ಎದ್ದು, ಎರಡೂ ಮಂಡಿಗಳನ್ನು ಒಂದಿಷ್ಟು ಬಗ್ಗಿಸಿ, ನಮಸ್ಕಾರದ ಹಾಗೆ ಅಂಗೈ ಮೇಲೆ ಅಂಗೈ ಇಟ್ಟು, ಏನೂ ಹೇಳದೆ ಹೊರಟುಹೋಗಿದ್ದಳು. ಆಮೇಲೆ ಇವಳು ದುಂಡು ಅಕ್ಷರದಲ್ಲಿ ಮೂರು ಸಾಲು ಬರೆದಳು. ಬರೆದು ಹಾಸ್ಟೆಲಿನ ಕಡೆ ನಡೆದು ಹೋಗಿ ವಾರ್ಡನ್ ಮಹಾಲಕ್ಷ್ಮಮ್ಮನ ಜೊತೆ ಟೀ ಕುಡಿಯುತ್ತಾ, ಆ ಉದ್ದನೆ ಹುಡುಗನ ಮೇಲೆ ಒಂದು ಕಣ್ಣಿರಲಿ ಮೇಡಂ, ಅಂದಳು. ಅಷ್ಟೇ ಅಂದದ್ದು. ಮಹಾಲಕ್ಷ್ಮಮ್ಮನಿಗೆ ಅಷ್ಟು ಸಾಕು. ಮಾರನೆಯ ದಿನದಿಂದ ಆ ದೇಶದ ಹುಡುಗರು ಯಾರೂ ಹಾಸ್ಟೆಲಿನ ಗೇಟಿನ ಹತ್ತಿರ ಸುಳಿಯಬಾರದು ಎಂದು ವಾಚ್‌ಮನ್‌ಗೆ ಹುಕುಂ ಆಯಿತು.

ಹುಡುಗಿ ಹೇಳಬೇಕೆಂದಿದ್ದ ಮಾತು ಒಳಕ್ಕೆ ಬರಲೇ ಇಲ್ಲ. ಅವಳು ಹೇಳದೆ ಇದ್ದ ಮಾತೊಂದನ್ನು ತಾನೇ ಹುಟ್ಟಿಸಿ ಹೊರಗೆ ಸಾಗಿಸಿದೆ. ಹೊಸ ಶಾಸ್ತ್ರವನ್ನೂ ಮುರಿದೆ, ಹಳೆಯದನ್ನೂ ಮುರಿದೆ. ಹೆಗ್ಗೆರೆ ದಾಟುವಾಗ ಶಶಿಕಲಾಳಿಗೆ ಇದು ಲೆಕ್ಕದಷ್ಟು ಸ್ಪಷ್ಟವಾಗಿ ಕಂಡಿತು. ಪಕ್ಕದಲ್ಲಿ ಹನುಮಂತಮ್ಮ ಸೊಪ್ಪು ಬಿಡಿಸುತ್ತಿದ್ದಳು, ಬಿಡಿಸಿದ ಕಡ್ಡಿಯನ್ನು ಕಿಟಕಿಯಿಂದ ಆಚೆ ಹಾಕದೆ ಚೀಲದ ಇನ್ನೊಂದು ಬದಿಗೆ ಹಾಕುತ್ತಿದ್ದಳು.

ತಾಯಿ ಸತ್ತೋಳ್ನ ಯಾರಾರ ಕೇಳ್ತಾರಾ. ಈ ಮಾತನ್ನು ತನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ಕದರಯ್ಯ ತೀರಿಕೊಂಡಾಗ ಅವಳು ತುಮಕೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದಳು. ಚಿಕ್ಕಪ್ಪನ ಮಗ ಶಿವರಾಜಣ್ಣ ಬಂದಿದ್ದ. ಬಂದವನು ಅವಳ ಹತ್ತಿರ ಬರಲಿಲ್ಲ, ವಾರ್ಡನ್ ಹತ್ತಿರ ಹೋಗಿ ಬಾಗಿಲ ಸಂದಿಯಲ್ಲಿ ನಿಂತು ಮಾತಾಡಿದ, ಆಮೇಲೆ ವಾರ್ಡನ್ನೇ ಬಂದು ಎರಡು ಜೊತೆ ಬಟ್ಟೆ ತಗೊಳ್ಳಮ್ಮ ಅಂದರು. ಬಸ್ಸಿನಲ್ಲಿ ಉದ್ದಕ್ಕೂ ಶಿವರಾಜಣ್ಣ ಎಮ್ಮೆ ಕರು ಹಾಕಿದ್ದು, ಅಮೃತೂರಿನ ಹೈಸ್ಕೂಲಿಗೆ ಹೊಸ ಹೆಡ್‌ಮಾಸ್ಟರು ಬಂದದ್ದು ಹೇಳಿದ. ಅಪ್ಪನ ಸುದ್ದಿ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ಇಡ್ಲಿ ತರಿಸಿದ. ತನಗೆ ಏನೂ ತರಿಸಿಕೊಳ್ಳಲಿಲ್ಲ. ತಿನ್ನು ಶಶಿ, ಆಮ್ಯಾಕೆ ಆಗಲ್ಲ, ಅಂದ. ಸಾವಾದ ಮನೆಯಲ್ಲಿ ಹೆಣ ಎತ್ತುವವರೆಗೂ ಒಲೆ ಹಚ್ಚುವುದಿಲ್ಲ. ಅವಳಿಗೆ ಇಡ್ಲಿಯ ಬಿಳುಪಿನಲ್ಲಿ ಎಲ್ಲವೂ ಗೊತ್ತಾಯಿತು. ಗೊತ್ತಾದದ್ದನ್ನು ತೋರಿಸದೆ ಎರಡನ್ನೂ ತಿಂದಳು, ಯಾಕೆಂದರೆ ಶಿವರಾಜಣ್ಣ ಅಷ್ಟು ದೂರದಿಂದ ಹೊತ್ತು ತಂದ ಸುದ್ದಿಯನ್ನು ಅವನು ಇಳಿಸುವ ಜಾಗದಲ್ಲೇ ಇಳಿಸಬೇಕಿತ್ತು. ಮನೆಯಲ್ಲಿ ಅವ್ವ ಪುಟ್ಟಗಂಗಮ್ಮ ಗೋಡೆಗೆ ಒರಗಿ ಹನ್ನೊಂದು ದಿನ ಕೂತಿದ್ದಳು. ಬಂದವರಿಗೆಲ್ಲ ಹೇಳುತ್ತಿದ್ದವಳು ದೊಡ್ಡಮ್ಮ. ಬೆಳಗ್ಗೆ ಎದ್ರು, ಮಕ ತೊಳ್ಕಂಡ್ರು, ದೇವ್ರಿಗೆ ಕೈ ಮುಗುದ್ರು, ಯಾಕೋ ಎದೆ ಹಿಡ್ಕತು ಅಂದ್ರು. ಪ್ರತಿಯೊಬ್ಬರಿಗೂ ಮೊದಲಿನಿಂದ, ಒಂದು ಮಾತು ಬಿಡದೆ, ಹೊಸದಾಗಿ. ಅವ್ವ ಅದನ್ನು ನೂರು ಸಲ ಕೇಳಿರಬೇಕು. ಕೇಳಿ ಕೇಳಿಯೇ ಅವಳಿಗೆ ಅದು ನಡೆದದ್ದು ಹೌದು ಅನ್ನುವುದು ನಿಧಾನವಾಗಿ ಒಳಗಿಳಿದಿರಬೇಕು. ದುಃಖ ಇದ್ದವರ ಬಾಯಿಂದ ಅದನ್ನು ಹೊರಡಿಸುವುದು ಯಾವ ಊರಿನ ನ್ಯಾಯ? ಅವಳ ಊರಿನದಂತೂ ಅಲ್ಲ.

ತುಮಕೂರಿನಲ್ಲಿ ಇಳಿದು ಇಬ್ಬರೂ ಸತ್ಯಮಂಗಲದ ಶೇರ್ ಆಟೋ ಹಿಡಿದರು. ಫ್ಯಾಕ್ಟರಿಗಳ ಸಾಲು ಮುಗಿದ ಮೇಲೆ ಕಾಲೇಜು. ಹನುಮಂತಮ್ಮ ಹಾಸ್ಟೆಲಿನ ಕಡೆ ತಿರುಗುವಾಗ, "ಏನಾರ ಮಾಡಿ ಮೇಡಮ್ಮಾರೆ, ಪರದೇಸದ್ ಮಗ," ಅಂದಳು. ಏನಾದರೂ ಮಾಡಿ ಎಂದು ಈ ಐದು ವರ್ಷದಲ್ಲಿ ಅವಳನ್ನು ಕೇಳಿದವರು ಬಹಳ ಜನ. ಏನೂ ಮಾಡದೆ ಇರುವುದೇ ನನ್ನ ಕೆಲಸ ಎಂದು ತಿಳಿಸಿಹೇಳಲು ಅವಳಿಗೆ ಎಂದೂ ಆಗಿರಲಿಲ್ಲ.

ಕೋಣೆಯ ಬೀಗ ತೆಗೆದು, ಮೇಜಿನ ಗಾಜಿನ ಕೆಳಗೆ ಇಟ್ಟಿದ್ದ ಗುಬ್ಬಿಯಪ್ಪ ದೇವರ ಪಟಕ್ಕೆ ಕೈಮುಗಿದು, ರಿಜಿಸ್ಟರು ತೆಗೆದಳು. ನಲವತ್ತೊಂದನೆಯ ಪುಟದಲ್ಲಿ ಮೂರು ಸಾಲಿನ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿಯಿತ್ತು. ಪೆನ್ನೂ ಅದೇ, ಶಾಯಿಯೂ ಅದೇ. ವಿದ್ಯಾರ್ಥಿನಿಯ ತಾಯಿ ತೀರಿಕೊಂಡ ವಿಷಯ ತಿಳಿದುಬಂದಿದೆ ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಹುಡುಗಿ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ, ಯಾರಿಗೂ ನಷ್ಟವಿಲ್ಲ. ನಷ್ಟವಿಲ್ಲದ್ದರಿಂದಲೇ ಅದು ಕಷ್ಟವಾಗಿತ್ತು. ಪೆನ್ನಿನ ಕ್ಯಾಪು ತೆಗೆದು ಬಹಳ ಹೊತ್ತು ಕೂತಳು. ದೇವರು ನೋಡುತ್ತಾನೆ ಎಂಬ ಹೆದರಿಕೆ ಅವಳದಲ್ಲ, ಅವನು ಎಲ್ಲವನ್ನೂ ನೋಡಿ ಸುಮ್ಮನಿರುವವನು ಎಂದು ಚಿಕ್ಕಂದಿನಿಂದ ನಂಬಿದವಳು. ಆದರೆ ಹಾಗೆ ಬರೆದರೆ ಆ ಮಂಗಳವಾರ ಹುಡುಗಿ ಹೇಳಿದಳು, ತಾನು ಕೇಳಿಸಿಕೊಂಡೆ ಎಂದಾಗುತ್ತದೆ. ಆ ನಲವತ್ತು ನಿಮಿಷ ಇಲ್ಲದೆ ಹೋಗುತ್ತದೆ. ಹೊರಗೆ ಬೆಂಚಿನ ಮೇಲೆ ಕರಿಯ ಶೂ ಹಾಕಿಕೊಂಡು ಕೂತಿದ್ದವನೂ ಇಲ್ಲದೆ ಹೋಗುತ್ತಾನೆ. ಜೂನ್‌ನಲ್ಲಿ ಅವಳ ಕೆಲಸದ ರಿನ್ಯೂವಲ್ ಇತ್ತು. ಅದೂ ನೆನಪಾಯಿತು. ಕ್ಯಾಪು ಹಾಕಿ ತಿಮ್ಮೇಶನನ್ನು ಕರೆದಳು.

"ಚಿಸೋಮೊನ ಕರ್ಕೊಂಡ್ ಬಾ. ಲಿಂಬಾನಿ ಅಂತ ಥರ್ಡ್ ಇಯರ್ ಹುಡುಗ ಇದಾನಲ್ಲ, ಅವನ್ನೂ."

"ಇಬ್ರನ್ನೂನಾ ಮೇಡಂ?" ತಿಮ್ಮೇಶ ನಗು ತಡೆದುಕೊಂಡ. "ಒಟ್ಟಿಗೇನಾ, ಒಬ್ಬೊಬ್ರೇನಾ?"

"ಒಟ್ಟಿಗೆ. ಇನ್ನೊಂದು ಕುರ್ಚಿ ಹಾಕು."

"ಕುರ್ಚಿಗೇನ್ ಬುಡಿ, ಹಾಕಣ. ಮದ್ವೆ ಮಾತುಕತೆ ಥರ ಆಯ್ತು ಅಷ್ಟೇಯ."

ಅವಳು ಅವನನ್ನು ನೋಡಿದಳು. ಬೈಯಬೇಕೆನ್ನಿಸಲಿಲ್ಲ. ಅವನು ತಡೆದುಕೊಂಡ ನಗು ಆ ಮಂಗಳವಾರ ತನ್ನೊಳಗೆ ಇದ್ದದ್ದೇ. "ಅವಳ ತಾಯಿ ತೀರ್ಕೊಂಡಿದಾರೆ ತಿಮ್ಮೇಶ," ಅಂದಳು. ಅವನು ಬಾಗಿಲ ಬಳಿ ನಿಂತು, "ಅಯ್ಯೋ ಪಾಪ" ಎಂದು, "ನಂಗೊತ್ತಿರ್ಲಿಲ್ಲ" ಅಂದು ಹೋದ.

ಬಂದರು. ಈ ಸಲವೂ ಮೊದಲು ಅವನೇ, ಹಿಂದೆ ಅವಳು, ತಲೆಗೆ ಅದೇ ಬಟ್ಟೆ. ಲಿಂಬಾನಿ ಬಾಗಿಲ ಒಳಗೆ ಒಂದು ಹೆಜ್ಜೆ ಇಟ್ಟು ನಿಂತ, ಹೊರಗೆ ಹೋಗು ಅನ್ನುವುದಾದರೆ ಈಗಲೇ ಅಂದುಬಿಡಲಿ ಎಂಬಂತೆ. ಕೂತ್ಕೊಳ್ಳಿ, ಇಬ್ಬರೂ, ಅಂದಳು. ಅವನಿಗೇ ಹೇಳಿದಳು: ಅವತ್ತು ನೀನು ಹೇಳಬೇಕೆಂದಿದ್ದದ್ದನ್ನು ಇವತ್ತು ಹೇಳುತ್ತೀಯಾ? ಅವಳ ಇಂಗ್ಲಿಷು ಗುಬ್ಬಿಯದು, ಅವನದು ಅವನ ಊರಿನದು. ನಡುವೆ ನಿಲ್ಲಿಸಿ ನಿಲ್ಲಿಸಿ ಮಾತು ಸಾಗಿತು.

"ಅವಳ ಸೋದರಮಾವ ನನಗೆ ಫೋನ್ ಮಾಡಿದರು," ಅಂದ ಲಿಂಬಾನಿ. "ಅವಳಿಗೆ ಮಾಡಲಿಲ್ಲ. ಫೋನಿನಲ್ಲಿ ಅವಳು ಇದನ್ನು ಕೇಳಬಾರದು, ನೀನು ಹೋಗಿ ಎದುರಿಗೆ ಕೂತು ಹೇಳು ಅಂದರು. ನಾನು ಅವಳಿಗೆ ನೆಂಟನಲ್ಲ ಮೇಡಂ. ಒಂದೇ ಜಿಲ್ಲೆಯವರು, ಅಷ್ಟೆ. ಅಲ್ಲಿ ಅವಳ ಪರವಾಗಿ ಮಾತಾಡುವವನು ನಾನು, ಇಲ್ಲಿ ನನ್ನ ಬದಲು ನೀನು, ಅಂದರು ಮಾವ. ಅದಕ್ಕೇ ಅವಳಿಗೆ ತಿಳಿಸಿದ ಮೇಲೆ ಅಂಗಿ ಇಸ್ತ್ರಿ ಮಾಡಿಕೊಂಡು ನಿಮ್ಮ ಹತ್ತಿರ ಬಂದೆ."

ಹುಡುಗಿ ನೆಲ ನೋಡುತ್ತಿದ್ದಳು. ಶಶಿಕಲಾ ಅವಳನ್ನು ಏನೂ ಕೇಳಲಿಲ್ಲ. "ನಾನು ಹೊರಗಿರು ಅಂದಾಗ ನೀನು ಹೇಳಬಹುದಿತ್ತಲ್ಲಪ್ಪ," ಅಂದಳು, ಅಂದಮೇಲೆ ಅದರಲ್ಲಿ ತನ್ನ ತಪ್ಪನ್ನು ಅರ್ಧ ಅವನ ತಲೆಗೆ ಹಾಕುವ ಯತ್ನವಿದೆ ಅನ್ನಿಸಿತು.

"ನೀವು ದೊಡ್ಡವರು. ಎರಡು ಸಲ ಹೇಳಿದಿರಿ. ಇಲ್ಲಿನ ಪದ್ಧತಿ ಹೀಗಿರಬಹುದು, ಒಳಗೆ ನೀವೇ ಅವಳನ್ನು ನಿಧಾನವಾಗಿ ಕೇಳುತ್ತೀರಿ ಅಂದುಕೊಂಡೆ. ಹೊರಗೆ ಬಂದಾಗ, ಅವರು ಏನು ಕೇಳಿದರು ಅಂದೆ. ಏನೂ ಕೇಳಲಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಿದ್ದರು ಅಂದಳು. ಅವರಿಗೆ ನನ್ನ ಮೇಲೆ ಕೋಪ ಬಂದಿದೆ ಅಂದಳು."

ಕೋಪ. ಮೌನವನ್ನು ತುಂಬದೆ ಕೂತಿದ್ದ ಆ ನಲವತ್ತು ನಿಮಿಷ ಎದುರಿನ ಕುರ್ಚಿಯಿಂದ ಹೇಗೆ ಕಂಡಿತ್ತು ಎಂಬುದು ಇಷ್ಟು. ಶಶಿಕಲಾ ಗಾಜಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸಿದಳು. ಬೆಂಗಳೂರಿನ ತರಬೇತಿಯಲ್ಲಿ ಇದನ್ನು ಕೇಳಿಯೇ ಇರಲಿಲ್ಲ.

"ನನ್ನಿಂದ ಏನಾಗಬೇಕು ಅಂತ ಬಂದಿದ್ದಿರಿ ನೀವು?"

ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿದಂತಿತ್ತು. "ನೀವು ಮುಂದಕ್ಕೆ ಮುಟ್ಟಿಸುತ್ತೀರಿ ಅಂತ. ಸಾವಿನ ಸುದ್ದಿ ಕೇಳಿದವರು ಅದನ್ನು ಇಟ್ಟುಕೊಂಡು ಕೂರಬಾರದಲ್ಲ. ಮಾವ ನನಗೆ ಹೇಳಿದರು, ನಾನು ನಿಮಗೆ, ನೀವು ಪ್ರಿನ್ಸಿಪಾಲರಿಗೆ, ಟೀಚರುಗಳಿಗೆ. ಅವಳು ತಲೆಗೆ ಬಟ್ಟೆ ಕಟ್ಟಿ ಸಾವಿನ ದುಃಖಕ್ಕೆ ಕೂತಿದ್ದಾಳೆ ಅಂತ ಎಲ್ಲರಿಗೂ ಗೊತ್ತಾಗಬೇಕು. ಬಾಗಿಲ ಮೇಲೆ ಕೌನ್ಸೆಲರ್ ಅಂತ ಇತ್ತು. ಅಂದರೆ ಈ ಕಾಲೇಜಿನಲ್ಲಿ ನಮ್ಮ ಪರವಾಗಿ ಮಾತಾಡುವವರು ಅಂತ ತಿಳಿದೆವು." ಆಮೇಲೆ ಹೇಳಿದ: "ನಿನ್ನೆ ನೋಟಿಸು ಬಂದಮೇಲೆ ಆಫೀಸಿಗೆ ಒಂದು ಲೆಟರ್ ಕೊಟ್ಟಿದ್ದೇನೆ. ಕೌನ್ಸೆಲರ್ ರಿಜಿಸ್ಟರಿನಲ್ಲಿ ಇದ್ದರೆ ಮಾತ್ರ ನಂಬುತ್ತೇವೆ ಅಂದರು."

ಒಳಗೆ ಕೇಳಿದ್ದು ಒಳಗೇ ಇರುತ್ತದೆ ಎಂದು ಅವಳು ಬರುವ ಪ್ರತಿಯೊಬ್ಬರಿಗೂ ಮೊದಲೇ ಹೇಳುತ್ತಿದ್ದಳು. ಊರಿನ ಹುಡುಗಿಯರಿಗೆ ಅದು ಧೈರ್ಯ ಕೊಡುತ್ತಿತ್ತು, ಅವರಿಗೆ ಸುದ್ದಿ ಮನೆಗೆ ಮುಟ್ಟುವುದೇ ಭಯ. ಈ ಹುಡುಗಿಗೂ ಆ ದಿನ ಅದನ್ನೇ ಹೇಳಿದ್ದಳು, ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ: ನೀನು ಹೇಳುವುದು ಈ ಕೋಣೆ ದಾಟುವುದಿಲ್ಲ. ದಾಟಲಿ ಎಂದೇ ಬಂದವಳಿಗೆ ಅದು ಬಾಗಿಲು ಹಾಕಿದ ಹಾಗೆ ಕೇಳಿಸಿರಬೇಕು.

"ಹೇಗಾಯಿತು, ಮೊದಲಿನಿಂದ ಹೇಳು," ಅಂದಳು ಲಿಂಬಾನಿಗೆ. ಅವನು ಹೇಳಿದ. ಹೇಳುವಾಗ ಬೆನ್ನು ನೆಟ್ಟಗೆ ಮಾಡಿಕೊಂಡ. ಒಂದು ಕಡೆ ತಪ್ಪಿದಾಗ ಹುಡುಗಿ ತಲೆ ಎತ್ತದೆಯೇ ಅವರ ಭಾಷೆಯಲ್ಲಿ ಒಂದು ಶಬ್ದ ಅಂದಳು, ಅವನು ತಿದ್ದಿಕೊಂಡು ಮುಂದೆ ಹೋದ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮೂವರೂ ಎದ್ದರು.

ಪ್ರಿನ್ಸಿಪಾಲರ ಛೇಂಬರಿನಲ್ಲಿ ಅನಂತರಾಜು, ಪರೀಕ್ಷಾ ವಿಭಾಗದ ಜಯಪ್ರಕಾಶ್, ವಾರ್ಡನ್ ಮಹಾಲಕ್ಷ್ಮಮ್ಮ ಕೂತಿದ್ದರು. ಮೇಜಿನ ಮೇಲೆ ಲಿಂಬಾನಿಯ ಲೆಟರು. ಹುಡುಗ ಹುಡುಗಿ ಇಬ್ಬರನ್ನೂ ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸಿದ್ದರು. ಶಶಿಕಲಾ ರಿಜಿಸ್ಟರನ್ನು ಮುಂದಿಟ್ಟಳು. ಅನಂತರಾಜು ಕನ್ನಡಕ ಏರಿಸಿ ಓದಿ ಜಯಪ್ರಕಾಶನ ಕಡೆ ತಳ್ಳಿದರು.

"ನೋಡಿ ಮೇಡಂ. ಹದಿನಾರು ದಿನ ಆಬ್ಸೆಂಟು. ನಿನ್ನೆ ನೋಟಿಸ್ ಕೊಟ್ಟ ತಕ್ಷಣ ತಾಯಿ ಹೋದರು ಅಂತ ಲೆಟರ್ ಬರುತ್ತೆ. ಭಾನುವಾರವೇ ಹೋಗಿದ್ರೆ ಮಂಗಳವಾರ ನಿಮ್ಮ ಹತ್ರ ಹೇಳಿರ್ತಿದ್ಲಲ್ಲ? ನೀವೇ ಬರೆದಿದೀರಿ, ಏನೂ ಇಲ್ಲ ಅಂತ."

"ಸಾರ್, ಅವನಿದಾನಲ್ಲ," ಮಹಾಲಕ್ಷ್ಮಮ್ಮ ಅಂದರು, "ಲೆಟರ್ ಬರ್ದಿರೋನೂ ಅವನೇ. ಶಶಿಕಲಾ ಮೇಡಮ್ಮೇ ನಂಗೆ ವಾರ್ನ್ ಮಾಡಿದ್ರು ಅವತ್ತೇಯ."

"ಹೌದು, ನಾನೇ ಹೇಳಿದ್ದು," ಅಂದಳು ಶಶಿಕಲಾ. "ಅದು ತಪ್ಪು. ರಿಜಿಸ್ಟರಿನಲ್ಲಿ ಬರೆದಿರೋದೂ ತಪ್ಪು ಸಾರ್. ಅವತ್ತು ಅವರು ಹೇಳೋಕೆ ಬಂದಿದ್ದರು. ಹೇಳೋನನ್ನ ನಾನು ಹೊರಗೆ ಕೂರಿಸಿದೆ, ಅವಳ ಎದುರಿಗೆ ನಲವತ್ತು ನಿಮಿಷ ಸುಮ್ಮನೆ ಕೂತೆ. ಅವನನ್ನ ಬೇರೆ ಥರ ತಿಳ್ಕೊಂಡೆ."

ಜಯಪ್ರಕಾಶ್ ತಲೆ ಎತ್ತಿದ. ಅನಂತರಾಜು ಕನ್ನಡಕ ತೆಗೆದು ಇಟ್ಟರು. "ಮೇಡಂ, ನೀವು ಹೇಳ್ತಿರೋದು ರೆಕಾರ್ಡ್ ಆಗುತ್ತೆ. ಕಮಿಟಿ ಬಂದಾಗ ಇದೇ ರಿಜಿಸ್ಟರ್ ತೋರಿಸಬೇಕು ನಾವು. ಅವಳಾದ್ರೂ ಬಾಯಿ ಬಿಟ್ಟು ಹೇಳಬಾರದಿತ್ತಾ, ನಲವತ್ತು ನಿಮಿಷ ಇದ್ಲು ಅಂತೀರಿ."

"ನಮ್ಮ ಮನೇಲಿ ಯಾರಾದರೂ ಹೋದರೆ ನಾವೇ ಹೋಗಿ ಹೇಳ್ತೀವಾ ಸಾರ್?"

ಈಗ ಬೇಕಾದದ್ದು ವಾದವಲ್ಲ ಎಂದು ಅವಳಿಗೆ ಅನ್ನಿಸಿತು. ನಿಂತಿದ್ದವಳು ಕುರ್ಚಿ ಎಳೆದುಕೊಂಡು ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಶುರುಮಾಡಿದಳು, ಆಫೀಸಿನ ಕನ್ನಡದಲ್ಲಿ ಅಲ್ಲ. "ಜೊಂಬಾ ಅಂತ ಪಟ್ಟಣ, ಅದರ ಹತ್ತಿರ ಹಳ್ಳಿ ಅವರದು. ಭಾನುವಾರ ಬೆಳಗ್ಗೆ ಎದ್ದಿದಾರೆ. ಚರ್ಚಿಗೆ ಹೋಗಿ ಬಂದಿದಾರೆ. ಬಂದು ಜಗುಲಿ ಮೇಲೆ ಕಡಲೇಕಾಯಿ ಬಿಡಿಸ್ತಾ ಕೂತಿದ್ರಂತೆ, ಬಿತ್ತನೆಗೆ. ತಲೆ ನೋಯ್ತಿದೆ, ಒಂದು ಲೋಟ ನೀರು ಕೊಡು ಅಂತ ಚಿಕ್ಕ ಮಗಳನ್ನ ಕೇಳಿದಾರೆ. ಅವಳು ನೀರು ತರೋಷ್ಟರಲ್ಲಿ ಮೊರದ ಮೇಲೆ ಒರಗಿಬಿಟ್ಟಿದಾರೆ. ಅವರ ತಮ್ಮ, ಅಂದ್ರೆ ಇವಳ ಸೋದರಮಾವ, ಪಕ್ಕದ ಮನೇಲೇ ಇದ್ದದ್ದು. ಸೈಕಲ್ ಹಿಂದೆ ಕೂರಿಸಿ, ಹಗ್ಗ ಕಟ್ಟಿಕೊಂಡು ಆಸ್ಪತ್ರೆಗೆ ಅಂತ ಹೊರಟಿದಾರೆ, ದಾರಿ ಏರು. ಅರ್ಧ ದಾರಿಯಲ್ಲಿ ತಮ್ಮನಿಗೆ ಬೆನ್ನ ಮೇಲೆ ಭಾರ ಬಿದ್ದ ಹಾಗಾಯ್ತಂತೆ. ಅವರು ಸೈಕಲ್ ತಿರುಗಿಸಲಿಲ್ಲ. ಆಸ್ಪತ್ರೆ ತನಕ ಹೋಗಿ, ಅಲ್ಲಿ ಡಾಕ್ಟರ ಬಾಯಲ್ಲಿ ಕೇಳಿಸಿಕೊಂಡೇ ವಾಪಸ್ ಬಂದಿದಾರೆ. ಮಾರನೇ ದಿನ ಮಣ್ಣು ಮಾಡಿದಾರೆ. ಇವಳು ಹೋಗಿ ಮುಟ್ಟೋ ಹಾಗಿರಲಿಲ್ಲ. ರೂಮಲ್ಲೇ ಕೂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು."

ಹೇಳುತ್ತಾ ಹೇಳುತ್ತಾ ಅವಳ ಧ್ವನಿ ಏರಲಿಲ್ಲ, ಇಳಿಯಲಿಲ್ಲ. ತಾನು ಕಾಣದ ಆ ಜಗುಲಿ, ಆ ಮೊರ, ಆ ಏರುದಾರಿ ತನ್ನ ಕಣ್ಣ ಮುಂದೆ ಇದ್ದವು. ಇದನ್ನು ಇನ್ನೂ ಎಷ್ಟು ಜನ ಕೇಳಿದರೂ ಮೊದಲಿನಿಂದ ಹೇಳಬಲ್ಲೆ ಅನ್ನಿಸಿತು.

ಮೊದಲು ಮಾತಾಡಿದವರು ಮಹಾಲಕ್ಷ್ಮಮ್ಮ. "ಎಷ್ಟು ವಯಸ್ಸಾಗಿತ್ತಂತೆ?"

"ನಲವತ್ತಾರು."

"ಏನ್ ವಯಸ್ಸದು. ಎಷ್ಟು ಮಕ್ಕಳು?"

"ನಾಲ್ಕು. ಇವಳೇ ದೊಡ್ಡವಳು."

ಮಹಾಲಕ್ಷ್ಮಮ್ಮ ಸೆರಗನ್ನು ಕೈಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು. "ನಾನು ಗೇಟ್ ಹಾಕ್ಸಿಬಿಟ್ಟೆ ಕಣ್ರೀ," ಅಂದರು, ಯಾರಿಗೆಂದು ಇಲ್ಲದೆ. "ಅವಳ ಕಡೆಯೋರು ಆರೇ ಜನ ಇರೋದು ಇಲ್ಲಿ. ಹೆಣ್ಣು ಅಂತ ಇವಳೊಬ್ಬಳೇ. ಮಾತಾಡ್ಸಕ್ಕೂ ಬಿಡಲಿಲ್ಲ ನಾನು." ಶಶಿಕಲಾ ಅವರನ್ನು ನೋಡಲಿಲ್ಲ. ಆ ಗೇಟು ಹಾಕಿದ ಕೈ ತನ್ನದು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅನಂತರಾಜು ಲೆಟರನ್ನು ಎತ್ತಿ ಇನ್ನೊಮ್ಮೆ ಓದಿದರು. ಜಯಪ್ರಕಾಶನನ್ನು ಕೇಳಿದರು, ಎಷ್ಟು ಪರ್ಸೆಂಟು ಮನ್ನಾ ಮಾಡಬಹುದು, ಹತ್ತರವರೆಗೆ ನನ್ನ ಕೈಲಿದೆಯಲ್ಲ. ಇದೆ ಸಾರ್, ಒಂಬತ್ತರಲ್ಲೇ ಬರುತ್ತೆ, ಅಂದ ಅವನು. "ಸರಿ. ಫಾರಂ ತೆಗೀರಿ. ಡೆತ್ ಸರ್ಟಿಫಿಕೇಟು ಅಲ್ಲಿಂದ ತರಿಸಿಕೊಳ್ಳೋಕೆ ಒಂದು ತಿಂಗಳು ಟೈಮ್ ಕೊಡಿ. ಅಲ್ಲಿತನಕ ಕೌನ್ಸೆಲರ್ ಬರೆದುಕೊಟ್ಟದ್ದರ ಮೇಲೆ ನಡೀಲಿ." ಆಮೇಲೆ ಶಶಿಕಲಾಳ ಕಡೆ ತಿರುಗಿ, "ನೀವು ಈಗ ಹೇಳಿದ್ದನ್ನ ಹಾಗೇ ಬರೆದು ಸೈನ್ ಮಾಡಿ, ತಪ್ಪಾಗಿದೆ ಅನ್ನೋದೂ ಸೇರಿಸಿ. ನಿಮ್ಮ ವಿಷಯ ಆಮೇಲೆ ಮಾತಾಡೋಣ," ಅಂದರು. ಅದು ಸಿಟ್ಟಿನ ಮಾತಲ್ಲ. ರಿನ್ಯೂವಲ್ಲಿನ ಜೂನ್ ತಿಂಗಳು ಹಾಗೆಯೇ ಮಾತಾಡುತ್ತದೆ. ಆಗಲಿ ಸಾರ್, ಅಂದಳು.

ಜಯಪ್ರಕಾಶ್ ಫಾರಂ ಎಳೆದುಕೊಂಡು ಪೆನ್ನು ಹಿಡಿದ. ವಿದ್ಯಾರ್ಥಿಯ ಹೆಸರು, ತರಗತಿ, ರಿಜಿಸ್ಟರ್ ನಂಬರು ಬರೆದ. "ಮೃತರ ಹೆಸರು?" ಅಂದ.

ಶಶಿಕಲಾ ಬಾಯಿ ತೆರೆದಳು. ಹೆಸರು ಇರಲಿಲ್ಲ. ಕಡಲೇಕಾಯಿ, ಮೊರ, ಸೈಕಲ್ಲಿಗೆ ಕಟ್ಟಿದ ಹಗ್ಗ, ಎಲ್ಲವನ್ನೂ ಕೇಳಿಕೊಂಡಿದ್ದವಳು ಹೆಸರನ್ನು ಕೇಳಿರಲಿಲ್ಲ. ಜಯಪ್ರಕಾಶನ ಪೆನ್ನು ಖಾಲಿ ಗೆರೆಯ ಮೇಲೆ ನಿಂತಿತ್ತು. "ಒಂದು ನಿಮಿಷ," ಎಂದು ಎದ್ದಳು.

ಕಾರಿಡಾರಿನಲ್ಲಿ ಲಿಂಬಾನಿ ಗೋಡೆಗೆ ಒರಗದೆ ನಿಂತಿದ್ದ. ಹುಡುಗಿ ಅವನಿಂದ ಎರಡು ಹೆಜ್ಜೆ ಹಿಂದೆ, ಕಿಟಕಿಯ ಹತ್ತಿರ. ಶಶಿಕಲಾ ಅವನ ಎದುರಿಗೆ ಹೋಗಿ ನಿಂತು, ಪರೀಕ್ಷೆಗೆ ಕೂರಿಸುತ್ತಾರೆ ಅಂತ ಅವಳಿಗೆ ಹೇಳು, ಅಂದಳು. ಅವನು ತಿರುಗಿ ಅವರ ಭಾಷೆಯಲ್ಲಿ ಹೇಳಿದ. ಹುಡುಗಿಯ ಮುಖದಲ್ಲಿ ಏನೂ ಬದಲಾಗಲಿಲ್ಲ, ಆಗಬೇಕೆಂದು ಶಶಿಕಲಾ ಕಾಯಲೂ ಇಲ್ಲ. "ಇನ್ನೊಂದು ಕೇಳಬೇಕಿತ್ತು," ಅಂದಳು ಅವನಿಗೆ. "ಒಳಗೆ ಬರೆದುಕೊಳ್ಳುತ್ತಿದ್ದಾರೆ. ಅವರ ಹೆಸರು ಏನು?"

ಲಿಂಬಾನಿ ಹೇಳಲು ಹೊರಟವನು ತಡೆದ. ಹಿಂದಿನಿಂದ ಹುಡುಗಿ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಅವಳ ದನಿಯನ್ನು ಶಶಿಕಲಾ ಸರಿಯಾಗಿ ಕೇಳಿದ್ದು ಅದೇ ಮೊದಲು. ಅವಳು ಅಂದುಕೊಂಡದ್ದಕ್ಕಿಂತ ದಪ್ಪ ದನಿ, ದೊಡ್ಡ ಮಗಳ ದನಿ.

"ಎಸ್ನಾತ್," ಅಂದಳು. ಆಮೇಲೆ, ಪರದೇಶದವರು ಸರಿಯಾಗಿ ಬರೆದುಕೊಳ್ಳಲಿ ಎಂಬಂತೆ ಇನ್ನೊಂದು ಸಲ, ನಿಧಾನವಾಗಿ: "ಎಸ್ನಾತ್ ಬಾಂಡಾ."

ಶಶಿಕಲಾ ಅದನ್ನು ಅವಳ ಎದುರಿಗೇ ಒಮ್ಮೆ ಹೇಳಿ ನೋಡಿದಳು. ಹುಡುಗಿ ತಲೆ ಆಡಿಸಿದಳು. ಬಾಯಲ್ಲಿ ತಪ್ಪದ ಹಾಗೆ ಅದನ್ನು ಹಿಡಿದುಕೊಂಡು ಅವಳು ಒಳಗೆ ಹೋದಳು.